ಬೀಜಕ್ಕೆ ಬಿಟ್ಟ ಕಾಯಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ಸಸಿ ಮಾರುವವರ ಮುಂದೆ ಒಂದು ಪ್ರಶ್ನೆ ದಿನಕ್ಕೆ ಹತ್ತಾರು ಸಲ ಕೇಳಿಬರುತ್ತದೆ: "ಇದು ನಾಟಿಯೋ, ಹೈಬ್ರಿಡ್ಡೋ?" ಮನೆಯ ಹಿಂದಿನ ನಾಲ್ಕು ಗಜ ಜಾಗಕ್ಕೋ, ತಾರಸಿಯ ಮೇಲಿನ ಕುಂಡಗಳಿಗೋ ಆರು ಬದನೆ ಸಸಿ, ಆರು ಟೊಮೇಟೊ ಸಸಿ ಕೊಳ್ಳಲು ಬಂದವರು ಕೇಳುವ ಪ್ರಶ್ನೆ ಅದು. ಮಾರುವವನ ಉತ್ತರ ಏನೇ ಇರಲಿ, ಪ್ರಶ್ನೆಗೆ ಹೆಚ್ಚು ವಯಸ್ಸಾಗಿಲ್ಲ. ಐವತ್ತು ವರ್ಷ ದಾಟಿದೆ, ಅಷ್ಟೆ. ಹಳೆಯ ಮೈಸೂರಿನವರು 'ನಾಟಿ' ಎನ್ನುವುದನ್ನು ಉತ್ತರ ಕರ್ನಾಟಕದವರು 'ಜವಾರಿ' ಎನ್ನುತ್ತಾರೆ, ಕರಾವಳಿಯವರು 'ಊರಿನದು' ಎನ್ನುತ್ತಾರೆ. ಮೂರೂ ಮಾತುಗಳು ಅರ್ಥವಾಗುವುದು ಎದುರಿಗೆ ಇನ್ನೊಂದು ಇದ್ದಾಗ ಮಾತ್ರ. ಎಲ್ಲ ಬದನೆಯೂ ಊರಿನದೇ ಆಗಿದ್ದ ಕಾಲದಲ್ಲಿ ಊರಿನ ಬದನೆ ಎಂದು ಬೇರೆಯಾಗಿ ಹೇಳಬೇಕಾದ ಪ್ರಮೇಯ ಯಾರಿಗೂ ಬರುತ್ತಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಹಿಂದೆ ಆಯ್ಕೆಯೇ ಇರಲಿಲ್ಲವೆಂದಲ್ಲ. ಆಯ್ಕೆ ಇತ್ತು, ಆದರೆ ಅದು ನಡೆಯುತ್ತಿದ್ದ ಹೊತ್ತು ಬೇರೆ. ಇಂದು ತಳಿಯನ್ನು ಆರಿಸುವುದು ನೆಡುವ ಮುನ್ನ, ಅಂಗಡಿಯ ಮುಂದೆ ನಿಂತು, ಪೊಟ್ಟಣದ ಮೇಲಿನ ಚಿತ್ರ ನೋಡಿ. ಅಂದು ಆರಿಸುತ್ತಿದ್ದುದು ಕೊಯ್ಯುವಾಗ, ಗಿಡದ ಮುಂದೆ ನಿಂತು. ಯಾವ ಕಾಯಿಯನ್ನು ಅಡುಗೆಗೆ ಕೀಳುವುದು, ಯಾವುದನ್ನು ಬೀಜಕ್ಕೆ ಬಿಡುವುದು ಎಂಬ ತೀರ್ಮಾನವೇ ತಳಿಯ ಆಯ್ಕೆಯಾಗಿತ್ತು. ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ಮನೆಯ ಹೆಂಗಸರು.

ಬದನೆಯನ್ನೇ ತೆಗೆದುಕೊಳ್ಳಬಹುದು. ಮೊದಲು ಬಿಟ್ಟ ಕಾಯಿ ಬೀಜಕ್ಕೆ ಬೇಡ, ಗಿಡ ಸೋತ ಮೇಲೆ ಬಿಟ್ಟದ್ದೂ ಬೇಡ, ನಡುಗಾಲದ ಕಾಯಿ ಆಗಬೇಕು ಎನ್ನುವುದು ರೂಢಿ. ರೋಗವಿಲ್ಲದ, ಹುಳು ಕೊರೆಯದ, ಮೈತುಂಬ ಕಾಯಿ ಹಿಡಿದ ಗಿಡವೊಂದನ್ನು ಗುರುತಿಸಿ, ಅದರ ಒಂದೆರಡು ಕಾಯಿಗೆ ಬಟ್ಟೆಯ ಚೂರನ್ನೋ ಬಾಳೆನಾರನ್ನೋ ಕಟ್ಟುತ್ತಿದ್ದರು. ಕಟ್ಟು ಕಂಡರೆ ಮಕ್ಕಳೂ ಮುಟ್ಟುತ್ತಿರಲಿಲ್ಲ. ಕಾಯಿ ಹಳದಿಗೆ ತಿರುಗಿ ಮೆತ್ತಗಾದ ಮೇಲೆ ಕಿತ್ತು, ಒಡೆದು, ನೀರಿನಲ್ಲಿ ಕಿವುಚಿ, ತೇಲಿದ ಬೀಜವನ್ನು ಚೆಲ್ಲಿ, ಮುಳುಗಿದ್ದನ್ನು ಒಣಗಿಸಿ ಬೂದಿಯಲ್ಲಿ ಉಜ್ಜಿ ಎತ್ತಿಡುತ್ತಿದ್ದರು. ಒಣಗಿದ ಸೋರೆಬುರುಡೆಯೇ ಡಬ್ಬಿ. ಮಲೆನಾಡಿನಲ್ಲಿ ಸೌತೆ, ಕುಂಬಳದ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುವ ಪದ್ಧತಿಯಿತ್ತು. ಹೊಗೆಯಾಡುವ ಅಡುಗೆಮನೆಯ ಆ ಗೋಡೆಯಲ್ಲಿ ಇಲಿ, ಹುಳುಗಳಿಗೆ ಸಿಗದೆ ಬೀಜ ಮುಂದಿನ ಮಳೆಯವರೆಗೂ ಕಾದಿರುತ್ತಿತ್ತು.

ಈ ಕ್ರಮದಲ್ಲಿ ಸಸ್ಯಶಾಸ್ತ್ರವೂ ಅಡಗಿತ್ತು. ಬದನೆಯ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೆ ದುಂಬಿ ಜೇನುಗಳಿಂದ ಪಕ್ಕದ ಗಿಡದ ಪರಾಗವೂ ಒಂದಿಷ್ಟು ಸೇರುತ್ತದೆ. ಇಡೀ ಊರು ಒಂದೇ ಬಗೆಯ ಬದನೆ ಬೆಳೆಯುತ್ತಿದ್ದರೆ ಈ ಬೆರಕೆಯಿಂದ ತೊಂದರೆಯಿಲ್ಲ. ತಳಿ ಊರಿನ ಹೆಸರಿನಲ್ಲಿ ಉಳಿಯುವುದರ ಗುಟ್ಟು ಇದು. ಸೋರೆ, ಸೌತೆ, ಹೀರೆಗಳ ಸಂಗತಿ ಬೇರೆ. ಅವುಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿದ್ದು, ಪರಾಗ ಬೇಲಿ ದಾಟಿ ಬರುವುದು ಸಾಮಾನ್ಯ. ಕಹಿ ಸೋರೆಯ ಬಳ್ಳಿ ಹತ್ತಿರದಲ್ಲಿದ್ದರೆ ಈ ವರ್ಷದ ಕಾಯಿ ಸಿಹಿಯಾಗಿಯೇ ಇದ್ದು, ಅದರ ಬೀಜದಿಂದ ಬಂದ ಬಳ್ಳಿ ಮಾತ್ರ ಕಹಿ ಕಾಯಿ ಬಿಡಬಹುದು. ಕಹಿ ಸೋರೆ ವಿಷಕಾರಿ. ಚೂರು ಬಾಯಿಗಿಟ್ಟು ನೋಡಿ, ಕಹಿ ಎನಿಸಿದರೆ ಕಾಯಿಯನ್ನು ಮಾತ್ರವಲ್ಲ, ಬಳ್ಳಿಯನ್ನೇ ಬುಡಸಹಿತ ಕಿತ್ತೆಸೆಯುತ್ತಿದ್ದ ಅಜ್ಜಿಯರು ತಳಿಶುದ್ಧಿಯ ಪಾಠವನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ.

ಊರಿನ ಹೆಸರು ಹೊತ್ತ ಬದನೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ಮಟ್ಟುಗುಳ್ಳ. ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯ ಪಶ್ಚಿಮದಲ್ಲಿ, ಕಡಲಿಗೆ ಅಂಟಿಕೊಂಡಂತಿರುವ ಹಳ್ಳಿ ಮಟ್ಟು. ಅಲ್ಲಿನ ಮರಳುಮಿಶ್ರಿತ ಗದ್ದೆಗಳಲ್ಲಿ ಮಳೆಗಾಲದ ಭತ್ತದ ನಂತರ ಬೆಳೆಯುವ ಈ ಬದನೆ ದುಂಡಗೆ, ತಿಳಿಹಸಿರಾಗಿ, ತೆಳು ಸಿಪ್ಪೆಯದಾಗಿರುತ್ತದೆ. ಮೈಮೇಲೆ ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು. ಹದಿನಾರನೆಯ ಶತಮಾನದ ಯತಿ, ಸೋದೆ ಮಠದ ವಾದಿರಾಜರು ಇದರ ಬೀಜವನ್ನು ಮಟ್ಟಿನವರಿಗೆ ಕೊಟ್ಟರೆಂಬುದು ಐತಿಹ್ಯ. ಎರಡು ವರ್ಷಕ್ಕೊಮ್ಮೆ ನಡೆಯುವ ಪರ್ಯಾಯದ ಹೊತ್ತಿಗೆ ಊರವರು ಕೃಷ್ಣಮಠಕ್ಕೆ ಗುಳ್ಳದ ಹೊರೆಕಾಣಿಕೆ ಒಪ್ಪಿಸುತ್ತಾರೆ. ಐತಿಹ್ಯವನ್ನು ಚರಿತ್ರೆಯೆಂದು ಸಾಧಿಸುವುದು ಕಷ್ಟ. ಆದರೆ ಅದು ಮಾಡಿದ ಕೆಲಸ ಚಾರಿತ್ರಿಕವೇ. ಗುರುಗಳು ಕೊಟ್ಟ ಬೀಜ, ದೇವರಿಗೆ ಸಲ್ಲುವ ಕಾಯಿ ಎಂದಾದ ಮೇಲೆ ಅದನ್ನು ಬಿಟ್ಟು ಇನ್ನೊಂದನ್ನು ಹಾಕಲು ರೈತ ಎರಡು ಸಲ ಯೋಚಿಸುತ್ತಾನೆ. ಮಟ್ಟಿನ ಹೊರಗೆ ನೆಟ್ಟರೆ ಆ ರುಚಿ ಬರುವುದಿಲ್ಲವೆಂದು ಅಲ್ಲಿಯವರು ಹೇಳುತ್ತಾರೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಸರ್ಕಾರವೂ ಹೆಚ್ಚುಕಡಿಮೆ ಅದೇ ಮಾತನ್ನು ಕಾಗದದ ಮೇಲೆ ಬರೆದುಕೊಟ್ಟಂತಾಯಿತು.

ಎಲ್ಲ ಬದನೆಗೂ ಇಂಥ ಕಾವಲು ಸಿಗಲಿಲ್ಲ. ಮೈಸೂರಿನ ಈರನಗೆರೆ ಬದನೆಯ ಊರು ಇಂದು ನಗರದ ಒಂದು ಬಡಾವಣೆ. ಬೆಳಗಾವಿ ಕಡೆಯ ಕುಡಚಿಯ ಮುಳಗಾಯಿ ಎಣ್ಣೆಗಾಯಿಗೆ ಹೆಸರಾಯಿತೇ ಹೊರತು ಅದಕ್ಕೆ ಮಠದ ಆಶ್ರಯವಿರಲಿಲ್ಲ. ತಳಿಯ ಹಿಂದೆ ಒಂದು ಅಡುಗೆ ಇರುತ್ತಿತ್ತು ಎನ್ನುವುದನ್ನು ಮಾತ್ರ ಮರೆಯಬಾರದು. ಎಣ್ಣೆಗಾಯಿಗೆ ಬೇಕಾದ, ಸೀಳಿದರೂ ಒಡೆಯದ ಪುಟ್ಟ ಕಾಯಿ ಬೇರೆ, ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡುವ ದಪ್ಪ ಕಾಯಿ ಬೇರೆ, ವಾಂಗಿಭಾತಿಗೆ ಹೋಳು ಹಾಕುವ ಉದ್ದ ಕಾಯಿ ಬೇರೆ. ಹಿತ್ತಲಿನಲ್ಲಿ ಏನು ನೆಡಬೇಕೆಂಬುದನ್ನು ಒಲೆಯೇ ನಿರ್ಧರಿಸುತ್ತಿತ್ತು.

ಈ ಲೋಕಕ್ಕೆ ಎದುರಾಗಿ ಮೊದಲು ಬಂದ ಪದ 'ಹೈಬ್ರಿಡ್' ಅಲ್ಲ, 'ಸೀಮೆ'. ಹಡಗಿನಲ್ಲಿ ಬಂದದ್ದಕ್ಕೆಲ್ಲ ಕನ್ನಡ ಕೊಟ್ಟ ಹೆಸರು ಅದು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಬೆಂಗಳೂರಿನಲ್ಲಿ ಇದಕ್ಕೆ ಹೆಬ್ಬಾಗಿಲಾದದ್ದು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಹಾಕಿಸಿದ ಈ ತೋಟಕ್ಕೆ ಟಿಪ್ಪು ದೂರದೇಶಗಳಿಂದ ಗಿಡ, ಬೀಜ ತರಿಸಿದ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಆ ತೋಟವನ್ನೂ ಕಂಡ, ಊರಿನ ಸುತ್ತ ತಿಗಳರು ನಡೆಸುತ್ತಿದ್ದ ತರಕಾರಿ ತೋಟಗಳನ್ನೂ ಕಂಡ. 1809ರಲ್ಲಿ ದಂಡು ಬಂದಿಳಿದ ಮೇಲೆ ಕೋಸು, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಬೀನ್ಸ್ ಕೇಳುವ ಗಿರಾಕಿಗಳೂ ಬಂದರು. 'ಇಂಗ್ಲಿಷ್ ತರಕಾರಿ' ಎಂಬ ಹೆಸರು ಆ ಸಂತೆಯದು. ತಿಗಳರ ತೋಟಗಳು ಅದನ್ನೂ ಬೆಳೆದವು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷದ ನಂತರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ಅದರ ಹೊಣೆ ಹೊತ್ತ. 1874ರಲ್ಲಿ ಬಂದ ಜಾನ್ ಕ್ಯಾಮೆರಾನ್ ಮೂವತ್ತನಾಲ್ಕು ವರ್ಷ ಇಲ್ಲಿಯೇ ಕಳೆದ. ಸೀಮೆಬದನೆಯನ್ನು ಬೆಂಗಳೂರಿಗೆ ತಂದ ಕೀರ್ತಿ ಸಲ್ಲುವುದು ಅವನಿಗೆ. ಮೆಕ್ಸಿಕೋ ಕಡೆಯ ಈ ಬಳ್ಳಿ ಬದನೆಯ ಕುಲಕ್ಕೆ ಸೇರಿದ್ದೇ ಅಲ್ಲ, ಸೌತೆ, ಕುಂಬಳಗಳ ಬಂಧು. ಆದರೂ ನಮ್ಮವರು ಅದನ್ನು ಬದನೆಯೆಂದರು. ಬೆಂಗಳೂರಿಗೆ ಅದೆಷ್ಟು ಒಗ್ಗಿತೆಂದರೆ, ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಎಂದೂ ತೆಲುಗರು 'ಬೆಂಗಳೂರು ವಂಕಾಯ' ಎಂದೂ ಕರೆದರು. ಕನ್ನಡಿಗರಿಗೆ ಸೀಮೆಯದಾಗಿದ್ದುದು ನೆರೆಯವರ ಪಾಲಿಗೆ ಬೆಂಗಳೂರಿನದಾಯಿತು.

ಸೀಮೆಬದನೆ ಇಷ್ಟು ಬೇಗ ಹಬ್ಬಲು ಅದರ ಸ್ವಭಾವವೂ ಕಾರಣ. ಅದರೊಳಗೆ ಇರುವುದು ಒಂದೇ ಬೀಜ, ಅದೂ ಕಾಯಿಯ ಒಳಗೇ ಮೊಳೆಯುತ್ತದೆ. ಬೀಜ ಬೇರೆ ಮಾಡಿ ಒಣಗಿಸಿ ಪೊಟ್ಟಣ ಕಟ್ಟುವಂತಿಲ್ಲ. ಮೊಳಕೆ ಒಡೆದ ಕಾಯಿಯನ್ನೇ ನೆಲಕ್ಕೆ ಇಡಬೇಕು. ಹೀಗಾಗಿ ಸರ್ಕಾರಿ ತೋಟದಿಂದ ಹೊರಬಿದ್ದ ಬಳ್ಳಿ ಅಂಗಡಿಯ ಹಂಗಿಲ್ಲದೆ, ಬೇಲಿಯಿಂದ ಬೇಲಿಗೆ, ನೆಂಟರಿಂದ ನೆಂಟರಿಗೆ ಕೈಚೀಲದಲ್ಲಿ ಸಾಗಿತು. ಕೋಸಿನ ಹಣೆಬರಹ ಇದಕ್ಕೆ ತದ್ವಿರುದ್ಧ. ಅದು ಹೂ ಬಿಟ್ಟು ಬೀಜವಾಗಬೇಕಾದರೆ ನಡುವೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬಯಲುಸೀಮೆಯ ಹಿತ್ತಲಿನಲ್ಲಿ ಕೋಸು ಗಡ್ಡೆ ಕಟ್ಟೀತು, ಬೀಜ ಕೊಡದು. ಕೋಸು ನೆಟ್ಟ ಮನೆ ಪ್ರತಿವರ್ಷವೂ ಬೀಜಕ್ಕೆ ಕೈಯೊಡ್ಡಲೇಬೇಕಾಯಿತು, ಮೊದಲು ಇಂಗ್ಲೆಂಡಿನ ಕಡೆಗೆ, ಸ್ವಾತಂತ್ರ್ಯದ ನಂತರ ಕುಲು ಕಣಿವೆಯ ಕಡೆಗೆ. ಹಿತ್ತಲಿನ ಒಂದು ಮೂಲೆ ಶಾಶ್ವತವಾಗಿ ಅಂಗಡಿಗೆ ಸೇರಿದ್ದು ಇಲ್ಲಿಂದ. ಇದರಲ್ಲಿ ಯಾರ ಹುನ್ನಾರವೂ ಇರಲಿಲ್ಲ, ಹವೆಯ ಗುಣ ಅಷ್ಟೆ.

ಹೂಕೋಸಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಿಂದ ಉತ್ತರ ಭಾರತದ ತೋಟಗಳಿಗೆ ಬಂದ ಹೂಕೋಸಿಗೂ ಚಳಿಯೇ ಬೇಕಾಗಿತ್ತು. ಆದರೆ ಬಿಸಿಲಿನಲ್ಲೂ ಹೇಗೋ ಬೀಜ ಬಿಟ್ಟ ಕೆಲವು ಗಿಡಗಳಿದ್ದವು. ಗಂಗಾ ಬಯಲಿನ ತರಕಾರಿ ಬೆಳೆಗಾರರು ಆ ಗಿಡಗಳ ಬೀಜವನ್ನೇ ಎತ್ತಿಟ್ಟು, ಮತ್ತೆ ಬಿತ್ತಿ, ಮತ್ತೆ ಆರಿಸಿದರು. ಕೆಲವು ತಲೆಮಾರುಗಳಲ್ಲಿ ಸೆಕೆಗೂ ಹೂ ಕಟ್ಟುವ, ಬಯಲಿನಲ್ಲೇ ಬೀಜ ಕೊಡುವ ಹೊಸದೊಂದು ವರ್ಗವೇ ಹುಟ್ಟಿಕೊಂಡಿತು. ಇಂದು ವಿಜ್ಞಾನಿಗಳು ಅದನ್ನು 'ಭಾರತೀಯ ಹೂಕೋಸು' ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಅದನ್ನು ರೂಪಿಸಿದವರ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಬೀಜಕ್ಕೆ ಯಾವುದನ್ನು ಬಿಡಬೇಕೆಂಬ ಹಳೆಯ ಜಾಣ್ಮೆ ಹೊರಗಿನಿಂದ ಬಂದ ಬೆಳೆಯನ್ನೂ ಹೇಗೆ ಒಳಗು ಮಾಡಿಕೊಂಡಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ಈ ಜಾಣ್ಮೆ ಪ್ರಯೋಗಾಲಯಕ್ಕೆ ಬಂತು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪದ ನಂತರ ದೆಹಲಿಗೆ ಹೋಯಿತು. ಹೋಗುವಾಗ ಊರಿನ ಹೆಸರನ್ನೂ ಕೊಂಡೊಯ್ದಿತು. ಪೂಸಾ ರೂಬಿ ಟೊಮೇಟೊ, ಪೂಸಾ ಪರ್ಪಲ್ ಲಾಂಗ್ ಬದನೆ, ಪೂಸಾ ಸಾವನಿ ಬೆಂಡೆ ದೇಶದ ಎಲ್ಲ ಹಿತ್ತಲುಗಳಿಗೂ ಬಂದದ್ದು ಹೀಗೆ. ಕರ್ನಾಟಕದಲ್ಲಿ 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾದಾಗ ಅದರ ತಳಿಗಳಿಗೆ 'ಅರ್ಕಾ' ಎಂಬ ಹೆಸರಾಯಿತು. ಅದೇ ಕಾಲದಲ್ಲಿ ಎಂ.ಎಚ್. ಮರೀಗೌಡರು ತೋಟಗಾರಿಕೆ ಇಲಾಖೆಯ ಕ್ಷೇತ್ರಗಳನ್ನು, ಸಸಿ ಬೆಳೆಸುವ ತಾಣಗಳನ್ನು ಜಿಲ್ಲೆ ಜಿಲ್ಲೆಗಳಲ್ಲಿ ತೆರೆಯುತ್ತಿದ್ದರು. ಒಳ್ಳೆಯ ಸಸಿ ಬೇಕಾದವರು ಲಾಲ್‌ಬಾಗ್‌ಗೇ ಬರಬೇಕೆಂಬ ಸ್ಥಿತಿ ಇದರಿಂದ ತಪ್ಪಿತು.

ಬೆಂಡೆಯ ಪ್ರಸಂಗದಲ್ಲಿ ಈ ಹೊಸ ವಿದ್ಯೆಯ ಬಲವೂ ಕಾಣುತ್ತದೆ, ಮಿತಿಯೂ ಕಾಣುತ್ತದೆ. ಬಿಳಿನೊಣ ಹರಡುವ ಹಳದಿ ನರ ರೋಗ ಬಂದರೆ ಬೆಂಡೆಯ ಎಲೆಗಳು ಹಳದಿಗಟ್ಟಿ ಬೆಳೆಯೇ ಕೈಬಿಡುತ್ತದೆ. ಬಂಗಾಳದ ಒಂದು ಬೆಂಡೆಯ ಸಹಿಷ್ಣುತೆಯನ್ನು ಬಳಸಿ ಹರಭಜನ್ ಸಿಂಗ್ ರೂಪಿಸಿದ ಪೂಸಾ ಸಾವನಿ ದೊಡ್ಡ ಯಶಸ್ಸು ಕಂಡಿತು. ಆದರೆ ವರ್ಷಗಳು ಕಳೆದಂತೆ ರೋಗ ಅದನ್ನೂ ಗೆದ್ದಿತು. ಆಗ ಹೆಸರಘಟ್ಟದ ವಿಜ್ಞಾನಿಗಳು ಕಾಡುಬೆಂಡೆಯ ಜಾತಿಯೊಂದನ್ನು ನಾಡಬೆಂಡೆಗೆ ಕೂಡಿಸಿ ಅರ್ಕಾ ಅನಾಮಿಕಾ ತಂದರು. ಹಿತ್ತಲಿನ ಅಜ್ಜಿಯಿಂದ ಈ ಕೆಲಸ ಆಗುತ್ತಿರಲಿಲ್ಲ. ಎಲ್ಲ ಹಳೆಯದೂ ಒಳ್ಳೆಯದೆಂದು ಹಾಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಪೂಸಾ, ಅರ್ಕಾಗಳ ಈ ಬಗೆಯ ತಳಿಗಳಲ್ಲಿ ಬೀಜದ ಹಕ್ಕು ಕೈತಪ್ಪಲಿಲ್ಲ ಎಂಬುದೂ ಗಮನಾರ್ಹ. ಅವು ಸುಧಾರಿತ ತಳಿಗಳು, ಹೈಬ್ರಿಡ್ ಅಲ್ಲ. ಒಮ್ಮೆ ತಂದು ನೆಟ್ಟರೆ ಅದೇ ಗಿಡದ ಬೀಜ ಮುಂದಿನ ವರ್ಷವೂ ಅದೇ ಕಾಯಿ ಕೊಡುತ್ತದೆ.

ಹೈಬ್ರಿಡ್ ಬಂದದ್ದು ಬೆಂಗಳೂರಿನಿಂದಲೇ. 1965ರಲ್ಲಿ ಮನಮೋಹನ ಅತ್ತಾವರ ಅವರು ಇಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಕಟ್ಟಿದರು. 1973ರಲ್ಲಿ ಅದು ಬಿಡುಗಡೆ ಮಾಡಿದ 'ಕರ್ನಾಟಕ' ಟೊಮೇಟೊ ಮತ್ತು 'ಭಾರತ್' ದೊಣ್ಣೆಮೆಣಸು ದೇಶದ ಮೊದಲ ವಾಣಿಜ್ಯ ತರಕಾರಿ ಹೈಬ್ರಿಡ್‌ಗಳೆಂದು ಹೆಸರಾದವು. ಎರಡು ಶುದ್ಧ ಸಾಲುಗಳನ್ನು ಕೂಡಿಸಿದಾಗ ಹುಟ್ಟುವ ಮೊದಲ ಪೀಳಿಗೆ ತಂದೆತಾಯಿಗಿಂತ ಹುರುಪಾಗಿ, ಒಂದರಂತೆ ಇನ್ನೊಂದು ಇರುತ್ತದೆ. ಟೊಮೇಟೊವಿನಲ್ಲಿ ಈ ಕೂಡಿಕೆ ಯಂತ್ರದ ಕೆಲಸವಲ್ಲ. ಅರಳದ ಮೊಗ್ಗಿನಿಂದ ಕೇಸರಗಳನ್ನು ಚಿಮಟದಲ್ಲಿ ಕಿತ್ತು, ಮರುದಿನ ಬೇರೆ ಗಿಡದ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು, ಒಂದೊಂದೇ ಹೂವಿಗೆ. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಈ ಕೆಲಸ ಮಾಡಿದ ಕೈಗಳೂ ಹೆಚ್ಚಾಗಿ ಹೆಂಗಸರವೇ. ಬೀಜದ ಕೆಲಸ ಅವರ ಬಳಿಯೇ ಉಳಿಯಿತು, ಬೀಜ ಮಾತ್ರ ಕಂಪನಿಯದಾಯಿತು.

ಹೈಬ್ರಿಡ್ ಬೀಜ ಎತ್ತಿಟ್ಟರೆ ಮೊಳೆಯುವುದೇ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಸಾಮಾನ್ಯವಾಗಿ ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಬಿಡಿಬಿಡಿಯಾಗಿ ಹೊರಬಂದು ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರಲ್ಲಿ ದಪ್ಪ ಕಾಯಿ, ಇನ್ನೊಂದರಲ್ಲಿ ಗೋಲಿ. ಮಾರುಕಟ್ಟೆಗೆ ಬೆಳೆಯುವ ರೈತನಿಗೆ ಇದು ನಷ್ಟ. ಆರು ಗಿಡದ ಹಿತ್ತಲಿಗೆ ಅಂಥ ಅನಾಹುತವೇನಲ್ಲ. 1988ರ ಹೊಸ ಬೀಜ ನೀತಿ ತರಕಾರಿ ಬೀಜದ ಆಮದಿಗೆ ಬಾಗಿಲು ತೆರೆದ ಮೇಲೆ ಪೊಟ್ಟಣಗಳ ಸಂಖ್ಯೆ ಏರಿತು. ಬೆಲೆಯೂ ಏರಿತು. ಬೀಜ ದುಬಾರಿಯಾದಾಗ ಅದನ್ನು ಮಡಿಯಲ್ಲಿ ಎರಚುವವರಾರು? ತೆಂಗಿನ ನಾರಿನ ಪುಡಿ ತುಂಬಿದ 98 ಗುಳಿಗಳ ಪ್ಲಾಸ್ಟಿಕ್ ಟ್ರೇಯಲ್ಲಿ ಗುಳಿಗೊಂದರಂತೆ ಬೀಜವಿಟ್ಟು, ಪರದೆಯ ನೆರಳಿನಲ್ಲಿ ಮೂರು ನಾಲ್ಕು ವಾರ ಬೆಳೆಸಿ ಮಾರುವ ಹೊಸ ಕಸುಬು ಹೀಗೆ ಬೆಳೆಯಿತು. ಸಸಿಮಡಿ ಹಾಕುವುದನ್ನೇ ಮರೆತ ಮನೆಗಳಿಗೆ ಅದು ಒದಗಿಬಂತು.

ಟ್ರೇ ಸಸಿ ಕೊಳ್ಳುವವರಿಗೆ ಹಳೆಯ ಸಸಿಮಡಿಯ ಅನುಭವ ಇನ್ನೂ ಉಪಯುಕ್ತ. ಎತ್ತರಕ್ಕೆ ಸಣಕಲಾಗಿ ಎದ್ದ ಸಸಿಗಿಂತ ಗಿಡ್ಡಗೆ ಕಾಂಡ ದಪ್ಪಗಿರುವುದು ಮೇಲು. ಆಗಲೇ ಹೂ ಬಿಟ್ಟ ಸಸಿ ಕಣ್ಣಿಗೆ ಚೆಂದ, ನೆಟ್ಟ ಮೇಲೆ ಸೊರಗುವುದು ಹೆಚ್ಚು. ಬದನೆ, ಟೊಮೇಟೊ, ಮೆಣಸಿನಕಾಯಿ, ಕೋಸು ಕಿತ್ತು ನೆಟ್ಟರೆ ಬೇಸರಿಸುವುದಿಲ್ಲ. ಬೆಂಡೆ, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್ಟುಗಳನ್ನು ನೇರವಾಗಿ ನೆಲಕ್ಕೇ ಬಿತ್ತಬೇಕು. ಕ್ಯಾರೆಟ್ಟಿನ ಎಳೆಬೇರು ಒಮ್ಮೆ ಅಲುಗಿದರೆ ಗಡ್ಡೆ ಕವಲೊಡೆಯುತ್ತದೆ. ಕ್ಯಾರೆಟ್ ಸಸಿ ಮಾರುವವರು ಸಿಕ್ಕರೆ ಅವರ ವ್ಯಾಪಾರ ಜಾಣ್ಮೆಯನ್ನು ಮೆಚ್ಚಿ ಮುಂದೆ ಹೋಗುವುದು ಲೇಸು.

ಬೀಜ ಯಾರದು ಎಂಬ ಪ್ರಶ್ನೆ ಬೀದಿಗೆ ಬಂದದ್ದೂ ಬದನೆಯ ಮೂಲಕವೇ. ಕಾಯಿಕೊರಕ ಹುಳುವಿಗೆ ವಿಷವಾಗುವ, ಬ್ಯಾಕ್ಟೀರಿಯಾ ಮೂಲದ ಜೀನ್ ಸೇರಿಸಿದ ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿದ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಘೋಷಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಜೀನನ್ನು ಸೇರಿಸಲು ಆರಿಸಿಕೊಂಡವುಗಳಲ್ಲಿ ಮಲಾಪುರ, ಕುಡಚಿ, ಉಡುಪಿಯ ಹೆಸರಿನ ಸ್ಥಳೀಯ ಬದನೆಗಳಿದ್ದವು. ಆ ಊರುಗಳನ್ನು, ಜೀವವೈವಿಧ್ಯ ಮಂಡಳಿಗಳನ್ನು ಕೇಳದೆ ತಳಿಗಳನ್ನು ಬಳಸಲಾಯಿತೆಂಬ ದೂರು ಎದ್ದಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿತು, ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೂ ಏರಿತು. ತಪ್ಪು ಯಾರದೆಂಬ ವಾದ ಹಾಗಿರಲಿ, ಯಾರೋ ಎಂದೋ ಬಟ್ಟೆ ಚೂರು ಕಟ್ಟಿ ಬಿಟ್ಟ ಕಾಯಿಗೆ ಒಡೆಯರುಂಟು ಎಂಬ ಮಾತನ್ನು ಕಾನೂನು ಕಿವಿಗೊಟ್ಟು ಕೇಳಬೇಕಾಗಿ ಬಂತು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯಿದೆ, ರೈತರು ಬೀಜವನ್ನು ಎತ್ತಿಡುವ, ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ಆಗಲೇ ಒಪ್ಪಿತ್ತು. ಕಂಪನಿಯ ಮುದ್ರೆ ಹಾಕಿ ಮಾರುವಂತಿಲ್ಲ ಎಂಬುದೊಂದೇ ಕಟ್ಟು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಬೀಜ ಕೈಯಲ್ಲಿರಬೇಕು. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ 'ವನಸ್ತ್ರೀ' ಎಂಬ ಮಹಿಳೆಯರ ಕೂಟ ಮಲೆನಾಡಿನ ಹಿತ್ತಲುಗಳ ಬೀಜ ವಿನಿಮಯವನ್ನೇ ತನ್ನ ಕೆಲಸ ಮಾಡಿಕೊಂಡಿತು. ಬೆಂಗಳೂರಿನ 'ಸಹಜ ಸಮೃದ್ಧ' ನಡೆಸುವ ಬೀಜಮೇಳಗಳಿಗೆ ತಾರಸಿ ತೋಟದವರೂ ಬರುತ್ತಾರೆ. ಇಂಥ ಕಡೆ ಕೊಳ್ಳುವವರು 'ನಾಟಿಯೋ ಹೈಬ್ರಿಡ್ಡೋ' ಎಂದು ಕೇಳುವ ಬದಲು 'ಯಾವ ಊರಿನದು?' ಎಂದು ಕೇಳಬಹುದು, ಉತ್ತರವೂ ಸಿಗುತ್ತದೆ.

ಬೀಜಕ್ಕೆ ಕಾಯಿ ಬಿಡುವುದು ಸಣ್ಣ ತ್ಯಾಗವೇನಲ್ಲ. ಹೂವಾದ ಎರಡು ಮೂರು ವಾರಕ್ಕೆ ಪಲ್ಯಕ್ಕೆ ಬರುವ ಬದನೆ, ಬೀಜ ಬಲಿಯಲು ಸುಮಾರು ಎರಡು ತಿಂಗಳು ತೆಗೆದುಕೊಳ್ಳುತ್ತದೆ. ಅಷ್ಟು ದಿನ ಗಿಡದ ಸತ್ವ ಆ ಕಾಯಿಗೇ ಹೋಗಿ ಹೊಸ ಕಾಯಿ ಕಡಿಮೆಯಾಗುತ್ತದೆ. ಆದರೆ ಹಣ್ಣಾದ ಒಂದು ಬದನೆಯಲ್ಲಿ ನೂರಾರು ಬೀಜ, ಇಡೀ ಕೇರಿಗೆ ಸಾಕು. ಒಣಗಿಸಿ ಬೂದಿಯಲ್ಲಿಟ್ಟ ಬೀಜ ಮೂರು ನಾಲ್ಕು ವರ್ಷ ಬಾಳುತ್ತದೆ. ಅದಕ್ಕೂ ಹೆಚ್ಚು ಕಾಲ ಹಿತ್ತಲು ಬೀಳುಬಿದ್ದರೆ ಬುರುಡೆಯೊಳಗಿನ ಬೀಜಕ್ಕೆ ಮೊಳೆಯುವ ಶಕ್ತಿ ಕುಂದುತ್ತ ಹೋಗುತ್ತದೆ. ಆಗ ಹುಡುಕಿಕೊಂಡು ಹೋಗಬೇಕಾದದ್ದು, ತವರಿನಿಂದ ಒಂದು ಹಿಡಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಹೋದ ಮಗಳ ಮನೆಗೆ.